ಅಂಟಿಸಿದ ಮೇಲೆ ಏನ್ ಮಾಡ್ತೀಯ?

ಎಲ್ಲೋ ಒಂದ್ಕಡೆ ಭೂಮಿ ನಡುಗಿತು ಅಂತ ಸುದ್ದಿ ಬಂದ್ರೆ ಸಾಕು, ಅರ್ಧ ಗಂಟೆಯೊಳಗೆ ನನ್ನ ಫೋನಿಗೆ ಮೂರ್ನಾಲ್ಕು ಫಾರ್ವರ್ಡ್ ಬಂದು ಬಿದ್ದಿರತ್ತೆ. ಕುಸಿದ ಬಿಲ್ಡಿಂಗು, ಕೆಂಪಗಿರೋ ಆಕಾಶ, ಹಿಂದೆ ತುತ್ತೂರಿ ಸೌಂಡು, ಕೆಳಗಡೆ ದಪ್ಪಕ್ಷರದಲ್ಲಿ ಮತ್ತಾಯ 24:7, ಕಡೇ ಕಾಲದ ಬಗ್ಗೆ ಮಾತಾಡ್ತಾ ಯೇಸು ಬರ, ಭೂಕಂಪ ಬರತ್ತೆ ಅಂತ ಹೇಳಿದ ಬೈಬಲ್ ವಚನ. ಅದರ ಕೆಳಗೆ ಸಾಲಾಗಿ ಆಮೆನ್, ಆಮೆನ್, ಕರ್ತನ ಬರೋಣ ಹತ್ರ ಇದೆ, ಆಮೆನ್. ಅಷ್ಟೊತ್ತಿಗೆ ಅಲ್ಲಿ ಸತ್ತವರನ್ನ ಇನ್ನೂ ಹೊರಗೆ ತೆಗೆದೂ ಇರಲ್ಲ.

ಇದನ್ನ ಆಡ್ಕೊಳ್ಳೋಕೆ ಹೇಳ್ತಿಲ್ಲ ನಾನು, ಯಾಕಂದ್ರೆ ವಾಟ್ಸಾಪ್ ಹುಟ್ಟೋಕೆ ಎಷ್ಟೋ ವರ್ಷ ಮುಂಚೆ ಇದೇ ಕೆಲಸ ಕೈಯಲ್ಲಿ ಮಾಡ್ತಿದ್ದವನು ನಾನು. ಹದಿನಾರು ಹದಿನೇಳು ವಯಸ್ಸಲ್ಲಿ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇಟ್ಕೊಂಡಿದ್ದೆ, ಪೇಪರಲ್ಲಿ ಭೂಕಂಪ, ಬರ, ಯುದ್ಧ, ಪ್ರವಾಹ ಯಾವುದೇ ಬರಲಿ ಕತ್ತರಿಸಿ ಅದಕ್ಕೆ ಅಂಟಿಸೋದು, ಪಕ್ಕದಲ್ಲಿ ಕೆಂಪು ಪೆನ್ನಲ್ಲಿ ವಚನ ಬರೆಯೋದು. ಭೂಕಂಪಕ್ಕೆ ಮತ್ತಾಯ 24, ಬರಕ್ಕೆ ಪ್ರಕಟನೆ 6, ಸಮುದ್ರ ಉಕ್ಕಿದ್ರೆ ಲೂಕ 21:25. ಕೊನೇ ಪೇಜಲ್ಲಿ ಕಡೇ ಕಾಲದ ಒಂದು ಚಾರ್ಟ್, ಯಾರೋ ಬೋಧಕರು ಬೋರ್ಡ್ ಮೇಲೆ ಬರೆದಿದ್ದನ್ನ ನೋಡ್ಕೊಂಡು ಸ್ಕೇಲ್ ಇಟ್ಟು ಎಳೆದಿದ್ದು. ಸಭೆ ಎತ್ತಲ್ಪಡೋದು ಅಂದ್ರೆ ನಂಬಿದವರನ್ನ ಯೇಸು ಮೇಲಕ್ಕೆ ಕರ್ಕೊಳ್ಳೋದು, ಏಳು ವರ್ಷದ ಮಹಾಸಂಕಟ, ಸಾವಿರ ವರ್ಷದ ಆಳ್ವಿಕೆ, ಬಿಳಿ ಸಿಂಹಾಸನದ ನ್ಯಾಯತೀರ್ಪು, ಎಲ್ಲಾ ಒಂದೊಂದು ಬಾಕ್ಸು. ಅದನ್ನ ನೋಡಿದ್ರೆ ನಂಗೊಂಥರಾ ಸಮಾಧಾನ ಆಗ್ತಿತ್ತು, ನಿಜ ಹೇಳ್ಬೇಕಂದ್ರೆ ಭಯಾನೂ ಆಗ್ತಿತ್ತು. ಮನೆಗೆ ಬಂದಾಗ ಒಳಗೆ ಯಾರೂ ಕಾಣಿಸ್ಲಿಲ್ಲ ಅಂದ್ರೆ ಎಲ್ಲರೂ ಮೇಲೆ ಹೋದ್ರು ನಾನೊಬ್ನೇ ಉಳ್ಕೊಂಡೆ ಅನ್ನೋ ಭಯ, ಹಿತ್ತಲಿಂದ ಅಮ್ಮನ ದನಿ ಕೇಳೋವರೆಗೂ ಎದೆ ಬಡ್ಕೊಳ್ತಿತ್ತು. ಇಂಥಾ ಮನೇಲಿ ಬೆಳೆದವರಿಗೆ ಗೊತ್ತಿರತ್ತೆ ಇದು.

ನಮ್ಮ ಸಭೆಗೆ ಒಬ್ರು ಆಂಟಿ ಬರ್ತಿದ್ರು. ಹೆಸರು ಬೇಡ. ಅವರ ದೊಡ್ಡ ಮಗ ಸಮುದ್ರದ ಮೇಲೆ ಕೆಲಸಕ್ಕೆ ಹೋದವನು ಒಂದು ಚಂಡಮಾರುತದಲ್ಲಿ ವಾಪಸ್ ಬರಲೇ ಇಲ್ಲ, ದೇಹಾನೂ ಸಿಗಲಿಲ್ಲ. ಒಂದಿನ ಪ್ರಾರ್ಥನೆ ಮುಗಿದ ಮೇಲೆ ನನ್ನ ನೋಟ್‌ಬುಕ್ ಅವರ ಕೈಗೆ ಸಿಕ್ತು. ನಿಧಾನಕ್ಕೆ ಒಂದೊಂದೇ ಪೇಜ್ ತಿರುವಿ ನೋಡಿದ್ರು. ನಾನು ಹೊಗಳ್ತಾರೆ ಅಂತ ಕಾಯ್ತಾ ನಿಂತಿದ್ದೆ. ಅವರು ಮುಚ್ಚಿ ವಾಪಸ್ ಕೊಡ್ತಾ ಕೇಳಿದ್ದು ಇಷ್ಟೇ, "ಅಂಟಿಸಿದ ಮೇಲೆ ಏನ್ ಮಾಡ್ತೀಯಪ್ಪ?" ನಾನು, "ಏನಿಲ್ಲ ಆಂಟಿ, ರೆಕಾರ್ಡ್ ಇರ್ಲಿ ಅಂತ" ಅಂದೆ. "ಓಹೋ" ಅಂದ್ರು. ಬೈಲಿಲ್ಲ, ವ್ಯಂಗ್ಯಾನೂ ಇರಲಿಲ್ಲ. ಆದ್ರೆ ಆ "ಓಹೋ" ಇವತ್ತಿಗೂ ನನ್ನ ಕಿವೀಲಿ ಇದೆ.

ಆ ಪ್ರಶ್ನೆಗೆ ಉತ್ತರ ಬೈಬಲಲ್ಲೇ ಇದೆ ಅಂತ ಗೊತ್ತಾಗೋಕೆ ನಂಗೆ ಹತ್ತು ವರ್ಷಕ್ಕಿಂತ ಹೆಚ್ಚೇ ಹಿಡೀತು. ಅಪೊಸ್ತಲರ ಕೃತ್ಯಗಳು 11ನೇ ಅಧ್ಯಾಯ, ಕೊನೇ ನಾಲ್ಕು ವಚನ. ಯೆರೂಸಲೇಮಿಂದ ಕೆಲವು ಪ್ರವಾದಿಗಳು ಅಂತ್ಯೋಕ್ಯ ಅನ್ನೋ ಊರಿಗೆ ಬರ್ತಾರೆ, ಅವರಲ್ಲಿ ಅಗಬ ಅನ್ನೋನು ಎದ್ದು ನಿಂತು ಲೋಕಕ್ಕೆಲ್ಲ ದೊಡ್ಡ ಬರ ಬರತ್ತೆ ಅಂತ ಪವಿತ್ರಾತ್ಮನ ಪ್ರೇರಣೆಯಿಂದ ಹೇಳ್ತಾನೆ. ಆ ಪುಸ್ತಕ ಬರೆದ ಲೂಕ ಜೊತೆಗೇ ಬರೀತಾನೆ, ಅದು ಕ್ಲೌದ್ಯ ಚಕ್ರವರ್ತಿ ಕಾಲದಲ್ಲಿ ಬಂತು ಅಂತ. ಕ್ಲೌದ್ಯ ಆಳಿದ್ದು ಕ್ರಿಸ್ತಶಕ 41ರಿಂದ 54. ಆ ಬರದ ವಿಷಯ ಬೈಬಲ್ ಹೊರಗೂ ಇದೆ, ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ, ಅದಿಯಾಬೆನೆ ಅನ್ನೋ ರಾಜ್ಯದ ರಾಣಿ ಹೆಲೆನಾ ಯೆರೂಸಲೇಮಿನ ಜನ ಹಸಿವಿಂದ ಸಾಯೋದನ್ನ ನೋಡಿ ಅಲೆಕ್ಸಾಂಡ್ರಿಯದಿಂದ ಧಾನ್ಯ, ಸೈಪ್ರಸ್‌ನಿಂದ ಒಣಗಿದ ಅಂಜೂರ ತರಿಸಿ ಹಂಚಿಸಿದ್ಲು ಅಂತ.

ಈಗ ನೋಡಿ, ಇದು ಪಕ್ಕಾ ಪ್ರವಾದನೆ, ನಿಜವಾದ ಪ್ರವಾದಿ, ನಿಜವಾದ ನೈಸರ್ಗಿಕ ವಿಕೋಪ, ಮೂರೂ ಒಂದೇ ಜಾಗದಲ್ಲಿ ಇದೆ. ಅದೂ ಯೇಸು "ಬರಗಳು ಬರುವವು" ಅಂತ ಹೇಳಿ ಇನ್ನೂ ಹತ್ತು ಹದಿನೈದು ವರ್ಷಾನೂ ಆಗಿರಲಿಲ್ಲ. ನಾನಾಗಿದ್ರೆ ಆ ಸಭೇಲಿ ಎದ್ದು, ಇದೇ ನೋಡಿ ಕಡೇ ಕಾಲದ ಗುರುತು, ಇನ್ನೆಷ್ಟು ವರ್ಷ ಉಳಿದಿದೆ ಲೆಕ್ಕ ಹಾಕೋಣ ಅಂತಿದ್ದೆ. ಆ ಬರ ಯಾರ ಪಾಪಕ್ಕೆ ಅಂತಾನೂ ಕೇಳ್ತಿದ್ದೆ. ಅಂತ್ಯೋಕ್ಯದವರು ಎರಡನ್ನೂ ಕೇಳಲಿಲ್ಲ, ಕೇಳಿದ್ರೂ ಲೂಕ ಅದನ್ನ ಬರೆಯೋಕೆ ಲಾಯಕ್ಕು ಅಂದ್ಕೊಳ್ಳಲಿಲ್ಲ. ಅಗಬ ಮಾತು ಮುಗಿಸಿದ ಮುಂದಿನ ವಚನಾನೇ, ಶಿಷ್ಯರು ತಮ್ಮ ತಮ್ಮ ಶಕ್ತಿ ಇದ್ದಷ್ಟು ಯೂದಾಯದಲ್ಲಿರೋ ಸಹೋದರರಿಗೆ ಕಳಿಸ್ಬೇಕು ಅಂತ ತೀರ್ಮಾನ ಮಾಡಿದ್ರು ಅಂತ. ಬಾರ್ನಬ, ಸೌಲ ಇಬ್ಬರ ಕೈಲಿ ಕೊಟ್ಟು ಕಳಿಸಿದ್ರು. ಅಷ್ಟೇ, ಕಥೆ ಮುಗೀತು. ಪ್ರವಾದನೆ ಬಂತು, ಚಂದಾ ಎತ್ತಿದ್ರು.

ಶಿಷ್ಯರನ್ನ ಮೊಟ್ಟಮೊದಲು ಕ್ರೈಸ್ತರು ಅಂತ ಕರೆದಿದ್ದೂ ಇದೇ ಊರಲ್ಲಿ, ಇದೇ ಅಧ್ಯಾಯದಲ್ಲಿ, ಅಗಬ ಬರೋದಕ್ಕೆ ಒಂದು ವಚನ ಮುಂಚೆ.

ಈ ಅಂತ್ಯೋಕ್ಯದ ಮೇಲೆ ಸ್ವಲ್ಪ ಹೊತ್ತು ನಿಲ್ತೀನಿ, ಯಾಕಂದ್ರೆ ಬೈಬಲಿನ ಊರುಗಳಲ್ಲಿ ಇದರಷ್ಟು ಸಲ ಭೂಕಂಪಕ್ಕೆ ಸಿಕ್ಕಿದ ಊರು ಕಮ್ಮಿ. ಕ್ರಿಸ್ತಶಕ 115ರಲ್ಲಿ ನಡುಗಿದಾಗ ರೋಮ್ ಚಕ್ರವರ್ತಿ ಟ್ರಾಜನ್ನೇ ಅಲ್ಲಿದ್ದ, ಹೆಂಗೋ ಕಿಟಕಿಯಿಂದ ಪಾರಾದ. 526ರ ಮೇ ತಿಂಗಳಲ್ಲಿ ಕ್ರಿಸ್ತನ ಸ್ವರ್ಗಾರೋಹಣದ ಹಬ್ಬಕ್ಕೆ ಅಂತ ಊರು ತುಂಬಾ ಜನ ಸೇರಿದ್ದಾಗ ಮತ್ತೆ ನಡುಗಿತು, ಆ ಕಾಲದ ಬರಹಗಾರರು ಸತ್ತವರ ಸಂಖ್ಯೆ ಎರಡೂವರೆ ಲಕ್ಷ ಅಂತ ಕೊಡ್ತಾರೆ, ಸಭೆಯ ಮುಖ್ಯಸ್ಥ ಯೂಫ್ರಾಸಿಯಸ್ ಕೂಡ ಅದರಲ್ಲೇ ಸತ್ತ. ಎರಡು ವರ್ಷ ಬಿಟ್ಟು 528ರಲ್ಲಿ ಮತ್ತೊಂದು. ಆಮೇಲೆ ಊರಿನ ಹೆಸರನ್ನೇ ಥಿಯೋಪೊಲಿಸ್ ಅಂದ್ರೆ ದೇವರ ಪಟ್ಟಣ ಅಂತ ಬದಲಾಯಿಸಿದ್ರು, ಹೆಸರು ಬದಲಾಯಿಸಿದ್ರೆ ನೆಲ ಸುಮ್ನಿರತ್ತಾ. ಈಗ ಅದು ಟರ್ಕಿಯ ಅಂತಾಕ್ಯ. 2023ರ ಫೆಬ್ರವರಿ 6ರ ಬೆಳಗಿನ ಜಾವ 4 ಗಂಟೆ 17 ನಿಮಿಷಕ್ಕೆ 7.8 ತೀವ್ರತೆಯಲ್ಲಿ ಟರ್ಕಿ ಸಿರಿಯಾ ನಡುಗಿ 50 ಸಾವಿರಕ್ಕೂ ಹೆಚ್ಚು ಜನ ಹೋದ್ರಲ್ಲ, ಅದರಲ್ಲಿ ತುಂಬಾ ಹಾಳಾದ ಊರುಗಳಲ್ಲಿ ಇದೂ ಒಂದು. ಅಲ್ಲಿನ ಆರ್ಥಡಾಕ್ಸ್ ಚರ್ಚು 1872ರ ಭೂಕಂಪದಲ್ಲಿ ಬಿದ್ದು ಮತ್ತೆ ಕಟ್ಟಿದ್ದು, 2023ರಲ್ಲಿ ಮತ್ತೆ ಬಿತ್ತು. ಆ ವಾರ ನನ್ನ ಗ್ರೂಪಲ್ಲಿ ಬಂದ ಫಾರ್ವರ್ಡಲ್ಲಿ, ಜೀವಂತ ದೇವರನ್ನ ಬಿಟ್ಟ ದೇಶಕ್ಕೆ ಶಿಕ್ಷೆ ಅಂತಿತ್ತು. ನಮಗೆ ಕ್ರೈಸ್ತರು ಅನ್ನೋ ಹೆಸರು ಕೊಟ್ಟ ಊರದು, ಬರಗಾಲಕ್ಕೆ ಚಂದಾ ಎತ್ತೋದು ಹೆಂಗೆ ಅಂತ ತೋರಿಸಿದ ಊರು, ಅದಕ್ಕೆ ನಾವು ವಾಪಸ್ ಕಳಿಸಿದ್ದು ಒಂದು ವಿಡಿಯೋ. ಅವತ್ತು ನಂಗೆ ನಿಜವಾಗ್ಲೂ ನಾಚಿಕೆ ಆಯ್ತು.

ಶಿಕ್ಷೆ ಅನ್ನೋ ಮಾತಿಗೆ ಬರೋಣ. ಬೈಬಲಲ್ಲಿ ವಿಕೋಪ ಅನ್ನೋದು ನ್ಯಾಯತೀರ್ಪಾಗಿ ಬಂದಿರೋದು ಇಲ್ವಾ ಅಂದ್ರೆ ಇದೆ, ಅದನ್ನ ಮುಚ್ಚಿಡೋಕಾಗಲ್ಲ. ನೋಹನ ಜಲಪ್ರಳಯ ಇದೆ, ಸೊದೋಮ್ ಇದೆ, ಮೋಶೆಗೆ ಎದುರು ನಿಂತ ಕೋರಹನ ಗುಂಪನ್ನ ಭೂಮಿ ಬಾಯ್ತೆರೆದು ನುಂಗಿದ್ದಿದೆ. ದೇವರು ಪ್ರೀತಿ ಅಷ್ಟೇ, ಹಂಗೆಲ್ಲ ಮಾಡಲ್ಲ ಅಂತ ಸುಲಭವಾಗಿ ಹೇಳಿ ಕೈತೊಳ್ಕೊಳ್ಳೋರ ಜೊತೆ ನಾನು ನಿಲ್ಲಲ್ಲ. ಆದ್ರೆ ಆ ಭಾಗಗಳನ್ನ ಕೂತು ಓದಿದ್ರೆ ಒಂದು ವಿಷಯ ಕಾಣತ್ತೆ. ಪ್ರವಾದಿ ಆಮೋಸ ತನ್ನ ಪುಸ್ತಕದ ಮೊದಲ ವಚನದಲ್ಲೇ ಇದು ಭೂಕಂಪಕ್ಕೆ ಎರಡು ವರ್ಷ ಮುಂಚೆ ಬಂದ ಮಾತು ಅಂತಾನೆ. ಆ ಭೂಕಂಪ ಎಷ್ಟು ದೊಡ್ಡದಿತ್ತು ಅಂದ್ರೆ ಎಷ್ಟೋ ತಲೆಮಾರು ಆದ್ಮೇಲೂ ಇನ್ನೊಬ್ಬ ಪ್ರವಾದಿ ಜೆಕರ್ಯ, ಅರಸ ಉಜ್ಜೀಯನ ಕಾಲದ ಭೂಕಂಪ ಅಂತ ಅದನ್ನ ನೆನೆಸ್ಕೊಳ್ತಾನೆ. ಆಮೋಸ ಮಾತಾಡಿದ್ದು ಮುಂಚೆ, ಆದ್ಮೇಲೆ ಅಲ್ಲ. ಮತ್ತೆ ಅವನು ಸುತ್ತಲಿನ ರಾಜ್ಯಗಳ ಹೆಸರೆಲ್ಲ ತಗೊಂಡು ಕೊನೆಗೆ ಬಂದು ನಿಲ್ಲೋದು ತನ್ನ ದೇವರ ಜನರ ಮುಂದೆ, ಬಡವನನ್ನ ಒಂದು ಜೊತೆ ಚಪ್ಪಲಿಗೆ ಮಾರ್ತಿದೀರಲ್ಲ, ಆಮೇಲೆ ಬಂದು ಗಟ್ಟಿಯಾಗಿ ಹಾಡ್ತೀರಲ್ಲ ಅಂತ ಬೈತಾನೆ. ನಮ್ಮ ಈಗಿನ ಪ್ರವಾದಿಗಳು ಉಲ್ಟಾ, ವಿಕೋಪ ಆದ್ಮೇಲೆ ಮಾತಾಡ್ತಾರೆ, ಯಾವಾಗ್ಲೂ ಬೇರೆ ದೇಶದ ಬಗ್ಗೆ, ಬೇರೆಯವರ ಪಾಪದ ಬಗ್ಗೆ. ತಮ್ಮ ಸಭೆಯ ಮುಂದಿನ ಸಾಲಲ್ಲಿ ಕೂತಿರೋರ ಚಪ್ಪಲಿ ವ್ಯಾಪಾರದ ಬಗ್ಗೆ ಒಬ್ರೂ ಬಾಯಿ ಬಿಡಲ್ಲ.

ಇನ್ನೊಂದು, ಸೊದೋಮಿಗೆ ನಾಶ ಬರತ್ತೆ ಅಂತ ದೇವರೇ ಹೇಳಿದಾಗ ಅಬ್ರಹಾಮ ಆಮೆನ್ ಅನ್ನಲಿಲ್ಲ. ಐವತ್ತು ಜನ ನೀತಿವಂತರಿದ್ರೆ, ನಲವತ್ತೈದಿದ್ರೆ, ನಲವತ್ತು, ಮೂವತ್ತು, ಇಪ್ಪತ್ತು, ಹತ್ತು ಅಂತ ಚೌಕಾಸಿ ಮಾಡಿದ. ನಾಶ ಆಗತ್ತೆ ಅಂತ ತಾನು ಸಾರಿದ್ದ ನಿನೆವೆ ಪಟ್ಟಣ ಉಳೀತು ಅಂತ ಮುಖ ಊದಿಸ್ಕೊಂಡು ಕೂತ ಪ್ರವಾದಿ ಯೋನ ಒಬ್ನೇ, ಆ ಪುಸ್ತಕ ಮುಗಿಯೋದೇ ದೇವರು ಅವನನ್ನ ಪ್ರಶ್ನೆ ಕೇಳೋದ್ರಲ್ಲಿ. ಆಮೆನ್ ಟೈಪ್ ಮಾಡೋಕೆ ಮುಂಚೆ ನಾನು ಅಬ್ರಹಾಮನ ಕಡೆ ಇದೀನಾ ಯೋನನ ಕಡೆ ಇದೀನಾ ಅಂತ ನೋಡ್ಕೊಳ್ಳೋದು ಈಗ ಅಭ್ಯಾಸ ಆಗಿದೆ, ಯಾವಾಗ್ಲೂ ಉತ್ತರ ಚೆನ್ನಾಗಿರಲ್ಲ ಅದು ಬೇರೆ ಮಾತು.

ಯೇಸುವೇ ನೇರವಾಗಿ ಎತ್ತಿ ಉತ್ತರ ಕೊಟ್ಟಿದ್ದಾನೆ ಈ ಪ್ರಶ್ನೆಗೆ. ಲೂಕ 13. ಸಿಲೊವಾಮಿನಲ್ಲಿ ಒಂದು ಬುರುಜು ಬಿದ್ದು ಹದಿನೆಂಟು ಜನ ಸತ್ತಿದ್ರು. ಆ ಹದಿನೆಂಟು ಜನ ಯೆರೂಸಲೇಮಲ್ಲಿದ್ದ ಬೇರೆಲ್ಲರಿಗಿಂತ ದೊಡ್ಡ ಪಾಪಿಗಳು ಅಂದ್ಕೊಂಡ್ರಾ, ಇಲ್ಲ ಅಂತ ಹೇಳ್ತೀನಿ, ಆದ್ರೆ ನೀವು ದೇವರ ಕಡೆ ತಿರುಗದಿದ್ರೆ ನೀವೂ ಹಂಗೇ ಹೋಗ್ತೀರ ಅಂದ. ಈ ಉತ್ತರದಲ್ಲಿ ಎರಡು ಭಾಗ ಇದೆ, ನಾವು ಒಂದನ್ನ ಹಿಡ್ಕೊಂಡು ಇನ್ನೊಂದನ್ನ ಬಿಡ್ತೀವಿ. ಸತ್ತವರ ಮೇಲೆ ತಪ್ಪು ಹೊರಿಸ್ಬೇಡಿ ಅನ್ನೋದು ಮೊದಲನೇದು, ಬದುಕಿರೋ ನೀನು ನಿನ್ನನ್ನ ನೋಡ್ಕೋ ಅನ್ನೋದು ಎರಡನೇದು. ವಿಕೋಪ ಅನ್ನೋದು ಬೆರಳು ತೋರಿಸೋಕೆ ಅಲ್ಲ, ಬೆರಳು ಮಡಚ್ಕೊಳ್ಳೋಕೆ.

ತಮಾಷೆ ಅಂದ್ರೆ ಒಂದು ಕಾಲದಲ್ಲಿ ಈ ಬೆರಳು ನಮ್ಮ ಕಡೆಗೇ ಇತ್ತು. ಎರಡನೇ ಶತಮಾನದ ಕೊನೇಲಿ ಉತ್ತರ ಆಫ್ರಿಕಾದ ಕಾರ್ಥೇಜಲ್ಲಿದ್ದ ಕ್ರೈಸ್ತ ಬರಹಗಾರ ತೆರ್ತುಲಿಯನ್ ಬರೀತಾನೆ, ಟೈಬರ್ ನದಿ ಉಕ್ಕಿದ್ರೂ, ನೈಲ್ ನದಿ ಉಕ್ಕದಿದ್ರೂ, ಮಳೆ ಬರದಿದ್ರೂ, ಭೂಮಿ ನಡುಗಿದ್ರೂ, ಜನ ಮೊದಲು ಕೂಗೋದು ಕ್ರೈಸ್ತರನ್ನ ಸಿಂಹಕ್ಕೆ ಹಾಕಿ ಅಂತ. ನಮ್ಮ ದೇವರುಗಳನ್ನ ಇವರು ಪೂಜೆ ಮಾಡ್ತಿಲ್ಲ ಅದಕ್ಕೇ ವಿಕೋಪ ಅನ್ನೋದು ಅವರ ಲಾಜಿಕ್. ಅದೇ ಲಾಜಿಕ್ ಈಗ ನಮ್ಮ ಫಾರ್ವರ್ಡ್‌ಗಳಲ್ಲಿ, ದೇವರ ಹೆಸರೊಂದು ಬದಲಾಗಿದೆ ಅಷ್ಟೇ. ತೆರ್ತುಲಿಯನ್ ಆದ ಸುಮಾರು ಐವತ್ತು ವರ್ಷಕ್ಕೆ ಅದೇ ಕಾರ್ಥೇಜಲ್ಲಿ ಬಿಷಪ್ ಆಗಿದ್ದ ಸಿಪ್ರಿಯನ್ ಕಾಲದಲ್ಲಿ ಭಯಂಕರ ಸಾಂಕ್ರಾಮಿಕ ರೋಗ ಬಂತು, ಇವತ್ತಿಗೂ ಅದನ್ನ ಸಿಪ್ರಿಯನ್ ಪ್ಲೇಗ್ ಅಂತಾನೇ ಕರೀತಾರೆ. ಆ ಮನುಷ್ಯ ಲೋಕಕ್ಕೆ ವಯಸ್ಸಾಯ್ತು, ಅಂತ್ಯ ಹತ್ರ ಬಂತು ಅಂತ ಪೂರ್ತಿ ನಂಬಿದ್ದವನು, ನನ್ನ ನೋಟ್‌ಬುಕ್ ನೋಡಿದ್ರೆ ಅವನಿಗೆ ಇಷ್ಟಾನೇ ಆಗ್ತಿತ್ತೇನೋ. ಆದ್ರೆ ಅಂತ್ಯ ಹತ್ರ ಇದೆ ಅಂತ ನಂಬಿದವನು ತನ್ನ ಜನಕ್ಕೆ ಹೇಳಿದ್ದು ರೋಗಿಗಳನ್ನ ನೋಡ್ಕೊಳ್ಳಿ ಅಂತ, ನಮ್ಮವರನ್ನ ಮಾತ್ರ ಅಲ್ಲ, ನಮ್ಮನ್ನ ಹಿಂಸೆ ಮಾಡೋರನ್ನೂ ನೋಡ್ಕೊಳ್ಳಿ ಅಂತ. ಅಂದ್ರೆ ಕಡೇ ಕಾಲದ ನಂಬಿಕೆ ಮನುಷ್ಯನನ್ನ ಕಲ್ಲು ಮಾಡ್ಲೇಬೇಕು ಅಂತೇನಿಲ್ಲ.

ಈಗ ಗುರುತುಗಳ ಲೆಕ್ಕದ ವಿಷಯ, ಬೇಗ ಮುಗಿಸ್ತೀನಿ. ಭೂಕಂಪ ಜಾಸ್ತಿ ಆಗ್ತಿದೆ ಅಂತ ನಾನೂ ನಂಬಿದ್ದೆ, ನನ್ನ ನೋಟ್‌ಬುಕ್ ಬೇರೆ ದಪ್ಪ ಆಗ್ತಿತ್ತಲ್ಲ. ಅಮೆರಿಕದ ಭೂವಿಜ್ಞಾನ ಸಂಸ್ಥೆ ಹೇಳೋ ಪ್ರಕಾರ 7 ಅಥವಾ ಅದಕ್ಕಿಂತ ಹೆಚ್ಚು ತೀವ್ರತೆಯ ಭೂಕಂಪ ವರ್ಷಕ್ಕೆ ಸರಾಸರಿ 15ರ ಆಸುಪಾಸು, ಒಂದೊಂದು ವರ್ಷ 20 ದಾಟತ್ತೆ, ಒಂದೊಂದು ವರ್ಷ 10 ಕೂಡ ಮುಟ್ಟಲ್ಲ. 1931ರಲ್ಲಿ ಪ್ರಪಂಚದಲ್ಲಿ ಭೂಕಂಪ ಅಳೆಯೋ ಕೇಂದ್ರ ಇದ್ದಿದ್ದು ಸುಮಾರು 350, ಈಗ ಸಾವಿರಾರು. ಮುಂಚೆ ಗೊತ್ತಾಗದೇ ಹೋಗ್ತಿದ್ದ ಸಣ್ಣ ಸಣ್ಣದೆಲ್ಲ ಈಗ ಫೋನಿಗೆ ಅಲರ್ಟ್ ಬರತ್ತೆ. ಯೇಸು ಬರೋಕೆ, ಲೋಕ ಮುಗಿಯೋಕೆ ದಿನಾಂಕ ಹೇಳಿದವರ ಕಥೆ ಎಲ್ಲರಿಗೂ ಗೊತ್ತು, ವಿಲಿಯಂ ಮಿಲ್ಲರ್ ಬೋಧನೆ ನಂಬಿದವರು 1844ರ ಅಕ್ಟೋಬರ್ 22ಕ್ಕೆ ಕಾಯ್ತಾ ಕೂತ್ರು, ಹ್ಯಾರಲ್ಡ್ ಕ್ಯಾಂಪಿಂಗ್ 2011ರ ಮೇ 21 ಅಂದ, ಆಗಲಿಲ್ಲ, ಅಕ್ಟೋಬರ್ 21 ಅಂದ, ಅದೂ ಆಗಲಿಲ್ಲ. ಮಾರನೇ ವರ್ಷ ಅವನು ದಿನಾಂಕ ಹೇಳಿದ್ದು ಪಾಪ ಅಂತ ಒಪ್ಕೊಂಡ, ಅಷ್ಟಕ್ಕಾದ್ರೂ ಅವನನ್ನ ಮೆಚ್ಚಬೇಕು, ಸುಮಾರು ಜನ ಅದನ್ನೂ ಮಾಡಲ್ಲ. ಆ ದಿನ ಆ ಗಳಿಗೆ ಮಗನಿಗೂ ಗೊತ್ತಿಲ್ಲ ತಂದೆಗೆ ಮಾತ್ರ ಅಂತ ಯೇಸುವೇ ಹೇಳಿರುವಾಗ ನಾವು ಕ್ಯಾಲ್ಕುಲೇಟರ್ ಹಿಡ್ಕೊಳ್ಳೋದು ಎಂಥಾ ಧೈರ್ಯ.

ಮತ್ತಾಯ 24ನ್ನೇ ಸರಿಯಾಗಿ ಓದಿದ್ರೆ ಅಲ್ಲಿರೋದು ನಾನು ಅಂದ್ಕೊಂಡಿದ್ದರ ವಿರುದ್ಧ. ಯುದ್ಧದ ಸುದ್ದಿ ಕೇಳ್ತೀರ, ಕಳವಳ ಪಡಬೇಡಿ, ಇದು ಇನ್ನೂ ಅಂತ್ಯ ಅಲ್ಲ. ಬರ ಬರತ್ತೆ, ಭೂಕಂಪ ಆಗತ್ತೆ, ಇದೆಲ್ಲಾ ಪ್ರಸವವೇದನೆಯ ಪ್ರಾರಂಭ. ಅಂದ್ರೆ ಇದನ್ನ ನೋಡಿ ಅಂತ್ಯ ಬಂತು ಅಂತ ಹೇಳೋರಿಗೆ ಮರುಳಾಗ್ಬೇಡಿ ಅಂತ ಮುಂಚೇನೇ ಎಚ್ಚರಿಕೆ ಕೊಟ್ಟಿದ್ದಾನೆ, ನಾವು ಅದೇ ವಚನ ತಗೊಂಡು ಅಂತ್ಯ ಬಂತು ಅಂತೀವಿ. ಅವನ ಮಾತು ಕೇಳಿದ ತಲೆಮಾರೇ ಎಷ್ಟು ನೋಡ್ತು. ಕ್ರಿಸ್ತಶಕ 60ರಲ್ಲಿ ಈಗಿನ ಟರ್ಕಿಯಲ್ಲಿದ್ದ ಲವೊದಿಕೀಯ ಅನ್ನೋ ಊರು ಭೂಕಂಪಕ್ಕೆ ಬಿತ್ತು, 70ರಲ್ಲಿ ಯೆರೂಸಲೇಮಿನ ದೇವಾಲಯ ಹೋಯ್ತು, 79ರಲ್ಲಿ ವೆಸುವಿಯಸ್ ಸಿಡಿದು ಪೊಂಪೇ ಬೂದಿ ಕೆಳಗೆ ಹೋಯ್ತು. ಲವೊದಿಕೀಯದ್ದು ನಂಗೆ ಬಹಳ ಇಷ್ಟದ ವಿಷಯ. ಭೂಕಂಪ ಆದ್ಮೇಲೆ ರೋಮಿನ ಸಹಾಯ ಇಲ್ಲದೆ ತಮ್ಮ ಸ್ವಂತ ದುಡ್ಡಲ್ಲೇ ಊರು ಎಬ್ಬಿಸಿದ್ರು ಅಂತ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಆಮೇಲೆ ಪ್ರಕಟನೆ 3ರಲ್ಲಿ ಅದೇ ಊರಿನ ಸಭೆಗೆ ಬರೋ ಮಾತು ನೋಡಿ, ನಾನು ಐಶ್ವರ್ಯವಂತ, ನಂಗೇನೂ ಕೊರತೆ ಇಲ್ಲ ಅಂತೀಯಲ್ಲ, ನೀನು ಬಡವ, ಕುರುಡ, ಬೆತ್ತಲೆ ಅಂತ. ವಿಕೋಪ ಬಂದಾಗ ಬಿದ್ದೋರಿಗಲ್ಲ, ಚೆನ್ನಾಗಿ ಎದ್ದು ನಿಂತೋರಿಗೆ ಬಂದ ಪ್ರವಾದನೆ ಅದು. ನನ್ನ ಚಾರ್ಟಲ್ಲಿ ಅದಕ್ಕೆ ಬಾಕ್ಸೇ ಇರಲಿಲ್ಲ.

ಇನ್ನು ನೈಸರ್ಗಿಕ ವಿಕೋಪ ಅನ್ನೋ ಪದದಲ್ಲೇ ನಂಗೆ ಅರ್ಧ ಅನುಮಾನ. 2010ರ ಜನವರಿ 12ಕ್ಕೆ ಹೈಟಿಯಲ್ಲಿ 7.0 ತೀವ್ರತೆಯ ಭೂಕಂಪ ಆಯ್ತು, ಸತ್ತವರು ಲಕ್ಷದ ಲೆಕ್ಕದಲ್ಲಿ, ರಾಜಧಾನಿಯ ಆರ್ಚ್‌ಬಿಷಪ್ ಕೂಡ ಅದರಲ್ಲಿ ಹೋದ್ರು. ಒಂದೂವರೆ ತಿಂಗಳಿಗೆ, ಫೆಬ್ರವರಿ 27ಕ್ಕೆ, ಚಿಲಿಯಲ್ಲಿ 8.8 ತೀವ್ರತೆ. ಶಕ್ತಿ ಲೆಕ್ಕ ಹಾಕಿದ್ರೆ ಸುಮಾರು 500 ಪಟ್ಟು ದೊಡ್ಡದು. ಸತ್ತವರು 500 ಚಿಲ್ಲರೆ. ಹೈಟಿಯವರ ಮೇಲೆ ಸೈತಾನನ ಒಪ್ಪಂದ ಅಂತ ಅಮೆರಿಕದ ಒಬ್ಬ ಟಿವಿ ಬೋಧಕ ಹೇಳಿದ. ಚಿಲಿಯಲ್ಲಿ ಜಾಸ್ತಿ ಭಕ್ತರಿದ್ರಾ? ಅಲ್ಲಿ ಕಟ್ಟಡ ಕಟ್ಟೋಕೆ ಗಟ್ಟಿ ನಿಯಮ ಇತ್ತು, ಜಾಸ್ತಿ ಭಾಗ ಅದನ್ನ ಪಾಲಿಸ್ತಿದ್ರು. ಹೈಟಿಯ ಬಡವರ ತಲೆ ಮೇಲೆ ಇದ್ದದ್ದು ಕಬ್ಬಿಣ ಇಲ್ಲದ, ಕಳಪೆ ಕಾಂಕ್ರೀಟು. ಧರ್ಮೋಪದೇಶಕಾಂಡ 22:8ರಲ್ಲಿ ಒಂದು ಆಜ್ಞೆ ಇದೆ, ಯಾರೂ ಅದರ ಮೇಲೆ ಪ್ರಸಂಗ ಮಾಡಿದ್ದು ನಾನು ಕೇಳಿಲ್ಲ. ಹೊಸ ಮನೆ ಕಟ್ಟಿಸಿದ್ರೆ ಮಾಳಿಗೆ ಸುತ್ತ ಅಡ್ಡಗೋಡೆ ಕಟ್ಟಿಸು, ಯಾರಾದ್ರೂ ಬಿದ್ರೆ ಆ ರಕ್ತದ ಅಪರಾಧ ನಿನ್ನ ಮನೆ ಮೇಲೆ ಬರತ್ತೆ ಅಂತ. ಕಟ್ಟಡದ ನಿಯಮ ಅದು, ಮೋಶೆಯ ಧರ್ಮಶಾಸ್ತ್ರದಲ್ಲೇ. ಬಿದ್ದವನು ಯಾವ ಪಾಪ ಮಾಡಿದ್ದ ಅಂತ ಅಲ್ಲಿ ಕೇಳೇ ಇಲ್ಲ, ಗೋಡೆ ಕಟ್ಟದವನನ್ನ ಕೇಳಿದೆ. ಪ್ರವಾಹದ್ದೂ ಹಂಗೇ, ಗಾಳಿ ಒಂದು ಡಿಗ್ರಿ ಬಿಸಿ ಆದ್ರೆ ಸುಮಾರು 7 ಪರ್ಸೆಂಟ್ ಜಾಸ್ತಿ ನೀರಾವಿ ಹಿಡಿಯತ್ತೆ, ಆ ಬಿಸಿಗೆ ಹೊಗೆ ಬಿಟ್ಟೋರು ನಾವೇ. ಪ್ರಕಟನೆ ಅಂದ್ರೆ ಸಾಕು ಮೃಗದ ಗುರುತು, 666 ಅಂತ ಕಿವಿ ನೆಟ್ಟಗೆ ಮಾಡೋ ನಾವು, ಅದೇ ಪುಸ್ತಕದ 11:18ರಲ್ಲಿ ಭೂಮಿಯನ್ನ ನಾಶ ಮಾಡೋರನ್ನ ನಾಶ ಮಾಡೋ ಕಾಲ ಬಂತು ಅಂತಿರೋದನ್ನ ಯಾವ ವಿಡಿಯೋದಲ್ಲೂ ಹಾಕಲ್ಲ.

1755ರ ನವೆಂಬರ್ 1, ಸಕಲ ಸಂತರ ಹಬ್ಬ, ಬೆಳಗ್ಗೆ ಪೋರ್ಚುಗಲಿನ ರಾಜಧಾನಿ ಲಿಸ್ಬನ್ನಿನ ಚರ್ಚುಗಳೆಲ್ಲ ತುಂಬಿದ್ದಾಗ ಭೂಕಂಪ ಆಯ್ತು, ಉರೀತಿದ್ದ ಮೇಣದಬತ್ತಿಗಳಿಂದ ಬೆಂಕಿ ಹತ್ಕೊಳ್ತು, ತಪ್ಪಿಸ್ಕೊಂಡು ದಡಕ್ಕೆ ಓಡಿದೋರ ಮೇಲೆ ಸುನಾಮಿ ಬಂತು. ಮಲಾಗ್ರಿಡಾ ಅನ್ನೋ ಜೆಸ್ವಿಟ್ ಪಾದ್ರಿ ಮಾರನೇ ವರ್ಷ ಒಂದು ಪುಸ್ತಿಕೆ ಬರೆದ, ಇದು ಪ್ರಕೃತಿಯಿಂದ ಆಯ್ತು ಅನ್ನೋದೇ ತಪ್ಪು, ಇದು ದೇವರ ಕೋಪ ಅಂತ. ಅವನ ಕೊನೆ ಚೆನ್ನಾಗಿರಲಿಲ್ಲ, 1761ರಲ್ಲಿ ಅವನನ್ನ ಕೊಂದ್ರು, ಅದರಲ್ಲಿ ರಾಜಕೀಯವೇ ಜಾಸ್ತಿ. ಅದೇ ಹೊತ್ತಿಗೆ ಮಂತ್ರಿ ಪೊಂಬಾಲ್ ಕಡೆಯಿಂದ ದೇಶದ ಎಲ್ಲಾ ಚರ್ಚುಗಳಿಗೆ ಒಂದು ಪ್ರಶ್ನೆಪಟ್ಟಿ ಹೋಯ್ತು. ನಡುಕ ಎಷ್ಟು ಹೊತ್ತು ಇತ್ತು, ಸಮುದ್ರ ಮೊದಲು ಏರಿತಾ ಇಳೀತಾ, ಎಷ್ಟು ಮನೆ ಬಿತ್ತು, ಎಷ್ಟು ಜನ ಸತ್ರು. ಸಣ್ಣ ಸಣ್ಣ ಊರಿನ ಪಾದ್ರಿಗಳು ಕೂತು ಉತ್ತರ ಬರೆದು ಕಳಿಸಿದ್ರು. ಈಗಿನ ಭೂಕಂಪ ವಿಜ್ಞಾನಕ್ಕೆ ಅದೂ ಒಂದು ಬುನಾದಿ ಅಂತಾರೆ. ಹೆಸರು ಉಳಿಯದ ಆ ಪಾದ್ರಿಗಳು ಸತ್ತವರನ್ನ ಎಣಿಸಿ ಬರೆದಿದ್ದೂ ಒಂಥರಾ ಪ್ರಾರ್ಥನೇನೇ ಅನ್ಸತ್ತೆ ನಂಗೆ.

ಹಂಗಂತ ಯಾಕೆ ಅನ್ನೋ ಪ್ರಶ್ನೆಗೆ ನನ್ನ ಹತ್ರ ಉತ್ತರ ಇದೆ ಅಂತಲ್ಲ. ಭೂಮಿಯ ಫಲಕಗಳು ಸರಿಯೋದ್ರಿಂದಲೇ ಬೆಟ್ಟ ಏಳತ್ತೆ, ನೆಲ ಹೊಸದಾಗತ್ತೆ, ಜೀವ ಉಳಿಯೋಕೆ ಅದೂ ಬೇಕು ಅಂತ ವಿಜ್ಞಾನ ಹೇಳತ್ತೆ, ಸರಿ. ಸೃಷ್ಟಿಯೆಲ್ಲಾ ಇವತ್ತಿನವರೆಗೂ ನರಳ್ತಾ ಪ್ರಸವವೇದನೆ ಪಡ್ತಿದೆ ಅಂತ ಪೌಲ ರೋಮಾಪುರದವರಿಗೆ ಬರೀತಾನೆ, ಅದೂ ಸರಿ. ಆದ್ರೆ ಮಗು ಕಳ್ಕೊಂಡೋರ ಮುಂದೆ ಎರಡನ್ನೂ ಹೇಳೋಕಾಗಲ್ಲ. ಮಕ್ಕಳನ್ನೂ ಆಸ್ತಿಯನ್ನೂ ಕಳ್ಕೊಂಡ ಯೋಬನ ಗೆಳೆಯರು ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ರು, ಅಲ್ಲಿವರೆಗೂ ಒಳ್ಳೇ ಗೆಳೆಯರೇ. ಬಾಯಿ ತೆಗೆದ ಮೇಲೆ ಕೆಟ್ಟಿದ್ದು.

ಆ ಆಂಟಿ ಈಗಿಲ್ಲ. ಅವರು ಹೋದ್ಮೇಲೆ ಅವರ ಮನೆಯವರು ಪ್ರಾರ್ಥನೆಗೆ ಕರೆದಿದ್ರು, ಓದೋಕೆ ಅಂತ ನನ್ನ ಕೈಗೆ ಅವರದ್ದೇ ಬೈಬಲ್ ಕೊಟ್ರು. ಹಳೇದು, ರಟ್ಟು ಕಿತ್ತೋಗಿ ಬಟ್ಟೆ ಅಂಟಿಸಿದ್ದು. ಪ್ರಕಟನೆ ತೆಗೆದೆ, 21ನೇ ಅಧ್ಯಾಯ ಓದೋಣ ಅಂತ, ಕಣ್ಣೀರನ್ನೆಲ್ಲಾ ಒರಸಿಬಿಡುವನು ಅನ್ನೋದು. ಅದಕ್ಕೆ ಗೆರೆ ಎಳೆದಿರ್ತಾರೆ ಅಂದ್ಕೊಂಡಿದ್ದೆ, ಇರಲಿಲ್ಲ. ಗೆರೆ ಇದ್ದಿದ್ದು ಹಿಂದಿನ ಅಧ್ಯಾಯದಲ್ಲಿ, 20:13. ನನ್ನ ಚಾರ್ಟಲ್ಲಿ ಬಿಳಿ ಸಿಂಹಾಸನದ ನ್ಯಾಯತೀರ್ಪು ಅಂತ ಬಾಕ್ಸ್ ಹಾಕಿ ಹಾರಿ ಹೋಗಿದ್ದ ಜಾಗ. ಎಷ್ಟು ವರ್ಷದಿಂದ ಎಷ್ಟು ಸಲ ಎಳೆದಿದ್ರೋ, ಪೆನ್ಸಿಲ್ಲು, ನೀಲಿ ಪೆನ್ನು, ಮತ್ತೆ ಪೆನ್ಸಿಲ್ಲು, ಪೇಪರ್ ತೂತಾಗೋ ಹಂಗಾಗಿತ್ತು. ಅಧ್ಯಾಯ ಪೂರ್ತಿ ಬಿಟ್ಟು ಆ ಒಂದೇ ಮಾತನ್ನ ಓದಿದೆ, ಸಮುದ್ರವು ತನ್ನೊಳಗಿದ್ದ ಸತ್ತವರನ್ನು ಒಪ್ಪಿಸಿತು.